ನಿಮ್ಮ ಅಂಟಾರ್ಕ್ಟಿಕಾ ಲೇಖನ ವಾಪಸ್ ಕಳಿಸುತ್ತಿದ್ದೇನೆ

ನಮಸ್ಕಾರ.

ನಿಮ್ಮ 'ಶ್ವೇತಸುಂದರಿ ಅಂಟಾರ್ಕ್ಟಿಕಾ' ತಲುಪಿತು. ಹನ್ನೊಂದು ಪುಟ. ಎರಡು ಸಲ ಓದಿದೆ. ಜೊತೆಗಿಟ್ಟ ನಾಲ್ಕು ಸಾಲಿನ ಕಾಗದವನ್ನು ಮಾತ್ರ ನಾಲ್ಕೈದು ಸಲ ಓದಿದೆ. ಲೇಖನವನ್ನು ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕೋಕೆ ಆಗಲ್ಲ. ಆ ಕಾಗದ ಬರೆದವರು ಇದನ್ನು ಯಾಕೆ ಹೀಗೆ ಬರೆದರು ಅನ್ನೋದೇ ನನಗೆ ಅರ್ಥವಾಗಲಿಲ್ಲ.

ಊರು ಪಾವಗಡದ ಕಡೆ, ಕೆಲಸ ತುಮಕೂರಿನಲ್ಲಿ ಹುಣಸೆಹಣ್ಣು ಇಡುವ ಕೋಲ್ಡ್ ಸ್ಟೋರೇಜ್‌ನಲ್ಲಿ ಅಂತ ತಿಳಿಸಿದ್ದೀರಿ. 'ಒಳಗೆ ನಾಲ್ಕೈದು ಡಿಗ್ರಿ ಇರುತ್ತೆ ಸಾರ್. ಅರ್ಧ ಗಂಟೆ ಆದರೆ ಬೆರಳು ಮಡಚಲ್ಲ, ಮೂಟೆ ಗಂಟು ಹಲ್ಲಲ್ಲಿ ಬಿಚ್ಚುತ್ತೇವೆ. ಏಪ್ರಿಲ್ ಬಿಸಿಲಿಗೆ ಹೊರಗೆ ಬಂದ ತಕ್ಷಣ ಕನ್ನಡಕ ಕುರುಡಾಗುತ್ತೆ.' ಇಷ್ಟು ಚೆನ್ನಾಗಿ ಬರೆಯುವವರು ಲೇಖನ ಶುರು ಮಾಡುವಾಗ 'ಬೆಳ್ಳಿಯ ಸೀರೆಯುಟ್ಟ ಧ್ರುವಕನ್ಯೆ' ಅಂದುಬಿಟ್ಟಿರಲ್ಲ! ಬೇಸಿಗೆಯಲ್ಲಿ ನಮ್ಮ ದೇಶದ ಮೈತ್ರಿ ನೆಲೆಯ ಹತ್ತಿರ ಚಳಿ ಸೊನ್ನೆಯ ಆಚೀಚೆ ಇರುತ್ತದೆ. ಅಂದರೆ ಅಲ್ಲಿನ ಬೇಸಿಗೆಗೂ ನಿಮ್ಮ ದಿನಗೂಲಿಗೂ ನಡುವೆ ನಾಲ್ಕೈದೇ ಡಿಗ್ರಿ. ಚಳಿಗಾಲದ ಮಾತು ಬೇರೆ. 1983ರ ಜುಲೈನಲ್ಲಿ ರಷ್ಯನ್ನರ ವೊಸ್ತೋಕ್ ನೆಲೆಯಲ್ಲಿ ಮೈನಸ್ 89.2 ದಾಖಲಾಗಿದೆ.

ತಪ್ಪುಗಳಲ್ಲಿ ಸಣ್ಣವನ್ನು ಬೇಗ ಮುಗಿಸುತ್ತೇನೆ. ಮೂರನೇ ಪುಟದಲ್ಲಿ ಹಿಮಕರಡಿ ಪೆಂಗ್ವಿನ್ ಅನ್ನು ಅಟ್ಟಿಸಿಕೊಂಡು ಹೋಗುತ್ತದೆ. ಕರಡಿ ಇರೋದು ಉತ್ತರ ಧ್ರುವದ ಕಡೆ. ಕಾಡಿನಲ್ಲಿ, ಸಮುದ್ರದಲ್ಲಿ ಎಲ್ಲೂ ಇವೆರಡೂ ಒಂದರ ಮುಖ ಒಂದು ನೋಡಿಲ್ಲ. ಇಗ್ಲೂ, ಅಂದರೆ ಹಿಮದ ಗುಡಿಸಲು, ಕೂಡ ಉತ್ತರದ ಜನರದ್ದೇ. ಅಂಟಾರ್ಕ್ಟಿಕಾದಲ್ಲಿ ಮೂಲನಿವಾಸಿಗಳೇ ಇಲ್ಲ. ಇರುವವರೆಲ್ಲ ಬಂದು ಹೋಗುವವರು. ಹಾಗಾಗಿ 'ಅಲ್ಲಿನ ಮುಗ್ಧ ಜನ' ಅಂತ ನೀವು ಬರೆದ ಪ್ಯಾರಾ ಪೂರ್ತಿ ಹೊಡೆದು ಹಾಕಿ.

ದೊಡ್ಡ ತಪ್ಪು 'ಎಡೆಬಿಡದೆ ಹಿಮ ಸುರಿಯುವ ನಾಡು' ಅನ್ನೋದು. ಪಾವಗಡದವರಾಗಿ ನಿಮಗೆ ಇಲ್ಲಿ ಅನುಮಾನ ಬರಬೇಕಿತ್ತು. ಅದು ಮರುಭೂಮಿ. ದಕ್ಷಿಣ ಧ್ರುವದಲ್ಲಿ ವರ್ಷವಿಡೀ ಬೀಳುವ ಹಿಮವನ್ನು ಕರಗಿಸಿ ಅಳೆದರೆ ಹತ್ತು ಸೆಂಟಿಮೀಟರ್ ನೀರೂ ಆಗಲ್ಲ. ನಿಮ್ಮೂರಿನ ಕೆಟ್ಟ ವರ್ಷದಲ್ಲೂ ಅದಕ್ಕಿಂತ ಜಾಸ್ತಿ ಮಳೆ ಬೀಳುತ್ತೆ, ಅಲ್ವಾ? ಬಿದ್ದದ್ದು ಕರಗದೆ ಲಕ್ಷಾಂತರ ವರ್ಷ ಒಂದರ ಮೇಲೊಂದು ಕೂತಿದೆ, ಅಷ್ಟೇ. ಅದಕ್ಕೇ ಸರಾಸರಿ ಎರಡು ಕಿಲೋಮೀಟರ್ ದಪ್ಪ. ಚಿತ್ರಗಳಲ್ಲಿ ಹಿಮ ಹುಚ್ಚೆದ್ದು ಸುರಿದಂತೆ ಕಾಣುವುದು ಬಹಳ ಸಲ ಗಾಳಿಯ ಕೆಲಸ. ಎತ್ತರದ ಮಂಜುಗಡ್ಡೆಯ ಮೇಲೆ ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಕರಾವಳಿಗೆ ನುಗ್ಗುತ್ತದೆ. ನೆಲದ ಮೇಲಿನ ಹಳೇ ಹಿಮವನ್ನೇ ಎಬ್ಬಿಸುತ್ತದೆ. ನಮ್ಮ ಕಡೆಯ ದೂಳಿನ ಸುಳಿಗಾಳಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹನ್ನೊಂದು ಪುಟದಲ್ಲಿ ನೀವು ಒಂದೇ ಒಂದು ಪ್ರಶ್ನೆ ಕೇಳಿಲ್ಲ. ನಮ್ಮ ಜಿಲ್ಲೆಯವರು ಯಾವ ಊರಿಗೆ ಹೆಣ್ಣು ಕೊಡುವಾಗಲೂ ಮೊದಲು ಕೇಳುವ ಪ್ರಶ್ನೆ: ಅಲ್ಲಿ ನೀರಿಗೆ ಏನು ಮಾಡುತ್ತಾರೆ? ಪ್ರಪಂಚದ ಸಿಹಿನೀರಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಇದೆ, ಆದರೆ ಕಲ್ಲಾಗಿ. ಮೈತ್ರಿಯವರ ಪುಣ್ಯ, ಪಕ್ಕದಲ್ಲೇ ಕೆರೆ ಇದೆ. ಪ್ರಿಯದರ್ಶಿನಿ ಅಂತ ಹೆಸರು. ಚಳಿಗಾಲದಲ್ಲಿ ಮೇಲೆ ಗಟ್ಟಿಯಾಗುತ್ತದೆ, ಅಡಿಯಲ್ಲಿ ನೀರಿರುತ್ತದೆ. ದಕ್ಷಿಣ ಧ್ರುವದಲ್ಲಿರುವ ಅಮೆರಿಕನ್ನರಿಗೆ ಕೆರೆಯೂ ಇಲ್ಲ. ಅವರು ಮಂಜುಗಡ್ಡೆಗೇ ಬೋರ್ ಕೊರೆಯುತ್ತಾರೆ. ಒಳಗೆ ಬಿಸಿನೀರು ಬಿಡುತ್ತಾರೆ. ತಳದಲ್ಲಿ ಗಡ್ಡೆ ಕರಗಿ ಗುಡಾಣದ ಹಾಗೆ ಹೊಂಡವಾಗುತ್ತದೆ. ಅದರಿಂದ ಮೇಲೆತ್ತಿ ಕುಡಿಯುತ್ತಾರೆ, ಒಂದಷ್ಟನ್ನು ಕಾಯಿಸಿ ವಾಪಸ್ ಬಿಡುತ್ತಾರೆ. ಇದಕ್ಕೆ ರಾಡ್‌ವೆಲ್ ಅನ್ನುತ್ತಾರೆ. ಹೊಂಡ ತೀರಾ ಆಳಕ್ಕೆ ಇಳಿದ ಮೇಲೆ ಬೇರೆ ಕಡೆ ಕೊರೆಯುತ್ತಾರೆ. ಹಳೇ ಬಾವಿಗೆ ಬಚ್ಚಲು ನೀರು! ಅದೇನೂ ದೇವಲೋಕವಲ್ಲ ನೋಡಿ.

ಇನ್ನೊಂದು ಬೋರ್ ಕಥೆ ಇದೆ. ವೊಸ್ತೋಕ್ ನೆಲೆಯ ಅಡಿಯಲ್ಲಿ, ಸುಮಾರು ನಾಲ್ಕು ಕಿಲೋಮೀಟರ್ ಗಡ್ಡೆಯ ಕೆಳಗೆ, ಹೆಪ್ಪುಗಟ್ಟದ ದೊಡ್ಡ ಸರೋವರವಿದೆ. ರಷ್ಯನ್ನರು ವರ್ಷಗಟ್ಟಲೆ ಕೊರೆದು 2012ರ ಫೆಬ್ರವರಿಯಲ್ಲಿ 3,769 ಮೀಟರ್‌ಗೆ ನೀರು ಮುಟ್ಟಿದರು. ಲೆಕ್ಕ ಹಾಕಿ: ಹನ್ನೆರಡು ಸಾವಿರ ಅಡಿ ದಾಟುತ್ತದೆ. ಸಾವಿರದಿನ್ನೂರು ಅಡಿಗೆ ಬರೀ ಕಲ್ಲುಪುಡಿ ಬಂದು, ರಿಗ್ ಲಾರಿಯವರಿಗೆ ದುಡ್ಡು ಎಣಿಸಿಕೊಟ್ಟು ಮನೆಗೆ ಬಂದ ರೈತ ಈ ಸಾಲು ಓದಿದರೆ ಏನನ್ನಬಹುದು? ನಿಮ್ಮ ಓದುಗ ಅವನೇ. 'ಅಬ್ಬಾ, ಎಂಥ ವಿಸ್ಮಯ' ಅಂತ ನೀವು ಬರೆಯೋದು ಬೇಡ, ಅವನೇ ಅಂದುಕೊಳ್ಳುತ್ತಾನೆ.

ಪೆಂಗ್ವಿನ್ ವಿಷಯ. 'ಮುದ್ದಾದ', 'ಪುಟಾಣಿ', 'ಕೋಟು ತೊಟ್ಟ' ಇವೆಲ್ಲ ಒಟ್ಟು ಹದಿನಾರು ಸಲ ಬಂದಿವೆ. ಸುಮ್ನೆ ಎಣಿಸಿದೆ. ಚಕ್ರವರ್ತಿ ಪೆಂಗ್ವಿನ್ ಪುಟಾಣಿ ಅಲ್ಲ, ನಿಮ್ಮ ಸೊಂಟ ದಾಟುತ್ತದೆ. ಹೆಣ್ಣು ಒಂದು ಮೊಟ್ಟೆ ಇಟ್ಟು ಗಂಡಿಗೆ ಒಪ್ಪಿಸಿ ಸಮುದ್ರಕ್ಕೆ ಹೋಗುತ್ತದೆ. ಗೂಡಿಲ್ಲ. ಗಂಡು ಆ ಮೊಟ್ಟೆಯನ್ನು ಪಾದದ ಮೇಲಿಟ್ಟುಕೊಂಡು, ಹೊಟ್ಟೆಯ ಚರ್ಮದ ಮಡಿಕೆ ಮುಚ್ಚಿ, ಕತ್ತಲ ಚಳಿಗಾಲದಲ್ಲಿ ಎರಡು ತಿಂಗಳಿಗೂ ಜಾಸ್ತಿ ನಿಂತೇ ಇರುತ್ತದೆ. ಊಟವಿಲ್ಲ. ಮೊಟ್ಟೆ ಗಡ್ಡೆಯ ಮೇಲೆ ಉರುಳಿ ಸ್ವಲ್ಪ ಹೊತ್ತಾದರೆ ಮುಗೀತು. ಗಂಡುಗಳೆಲ್ಲ ಒತ್ತಾಗಿ ಗುಂಪುಗೂಡುತ್ತವೆ. ಹೊರಗಿದ್ದವು ನಿಧಾನಕ್ಕೆ ಒಳಗೆ, ಒಳಗಿದ್ದವು ಹೊರಗೆ. ನಮ್ಮ ಟ್ಯಾಂಕರ್ ಸಾಲಿನ ಹಾಗೆ ಜಗಳವಿಲ್ಲ. ಇದನ್ನು ಹೇಳಿದ ಮೇಲೆ ಮುದ್ದು ಅನ್ನುವ ಮಾತೇ ಬೇಕಾಗಲ್ಲ.

ಅಲ್ಲಿ ಪೂರ್ತಿ ನೆಲದ ಮೇಲೇ ಬದುಕುವ ಪ್ರಾಣಿಗಳಲ್ಲಿ ಅತಿ ದೊಡ್ಡದು ರೆಕ್ಕೆಯಿಲ್ಲದ ಒಂದು ಹುಳ, ಒಂದು ಸೆಂಟಿಮೀಟರ್ ಕೂಡ ಇಲ್ಲ. ಪೆಂಗ್ವಿನ್, ಸೀಲ್ ಎಲ್ಲ ಸಮುದ್ರವನ್ನೇ ಉಂಡು ಬದುಕುವವು. ಇದೂ ನಿಮ್ಮಲ್ಲಿಲ್ಲ.

ದಕ್ಷಿಣ ಧ್ರುವವನ್ನು ಮೊದಲು ಮುಟ್ಟೋಕೆ ಅಮುಂಡ್ಸೆನ್, ಸ್ಕಾಟ್ ನಡೆಸಿದ ಪಂದ್ಯಕ್ಕೆ ಎರಡೂವರೆ ಪುಟ ಕೊಟ್ಟಿದ್ದೀರಿ. ಶಾಲೆ ಪುಸ್ತಕದಲ್ಲಿ ಓದಿದ್ದೇವೆ, ಬಿಡಿ. ನಮ್ಮವರಿಗೆ ಒಂದು ಸಾಲು! ಮೊದಲ ನೆಲೆ ದಕ್ಷಿಣ ಗಂಗೋತ್ರಿಯನ್ನು ಗಡ್ಡೆಯ ಮೇಲೆ ಕಟ್ಟಿದ್ದರು. ಕೆಲವೇ ವರ್ಷದಲ್ಲಿ ಹಿಮ ಅದನ್ನು ಹೂತುಹಾಕಿತು. ಅದಕ್ಕೇ 1989ರಲ್ಲಿ ಮೈತ್ರಿಯನ್ನು ಕಲ್ಲುನೆಲ ಹುಡುಕಿ ಎಬ್ಬಿಸಿದರು, 2012ರಲ್ಲಿ ಭಾರತಿಯನ್ನೂ ಹಾಗೇ. ಆ ಭೂಮಿ ಯಾವ ದೇಶದ ಖಾತೆಗೂ ಹೋಗದಂತೆ 1959ರ ಒಪ್ಪಂದ ತಡೆದಿದೆ. 1991ರಲ್ಲಿ ಸಹಿಯಾದ ಇನ್ನೊಂದು ಕರಾರು ಗಣಿಗಾರಿಕೆಯನ್ನೇ ನಿಷೇಧಿಸಿತು. ಚಿಕ್ಕನಾಯಕನಹಳ್ಳಿ ಕಡೆಯ ಗಣಿ ನೋಡಿದ ಜಿಲ್ಲೆಯಲ್ಲಿ ಕೂತು ಬರೆಯುವಾಗ ಈ ಒಂದು ವಿಷಯವನ್ನು ಬಿಡಬಾರದಿತ್ತು.

ಆರು ಪುಟದಲ್ಲಿ ಮತ್ತೆ ಬರೆಯಿರಿ. ಹಲ್ಲಲ್ಲಿ ಬಿಚ್ಚುವ ಗಂಟಿನಿಂದ ಶುರು ಮಾಡಿ, ನೀರಿನ ಕಡೆಗೆ ಹೋಗಿ. ಶೀರ್ಷಿಕೆ ನಾನು ನೋಡಿಕೊಳ್ಳುತ್ತೇನೆ. ಯುಗಾದಿಯ ಒಳಗೆ ಬಂದರೆ ಒಳ್ಳೇದು, ಆಮೇಲೆ ನಿಮಗೂ ಹುಣಸೆ ಸೀಸನ್.

ಒಂದು ಮಾತು ಕೇಳಬೇಕಿತ್ತು. ಅಷ್ಟು ಚಳಿಯಲ್ಲಿ ಚೇಂಬರ್ ಒಳಗೆ ಹುಣಸೆಹಣ್ಣಿನ ವಾಸನೆ ಬರುತ್ತಾ, ಇಲ್ಲ ಹೊರಗೆ ತಂದ ಮೇಲಾ?