ಮುಖ ಎತ್ತಿಸಲು ಮುಹೂರ್ತ ಯಾವುದು?

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ನನಗೆ 49 ವರ್ಷ, ದಾವಣಗೆರೆಯಲ್ಲಿ ಬ್ಯಾಂಕ್ ನೌಕರಿ. ಕಳೆದ ವರ್ಷ ವಾಕಿಂಗು, ಪಥ್ಯ ಅಂತ 11 ಕೆ.ಜಿ. ಇಳಿಸಿದೆ. ತೂಕದ ಜೊತೆ ಮುಖವೂ ಇಳಿಯಿತು, ದವಡೆ ಹತ್ತಿರ ಚರ್ಮ ಜೋತುಬಿದ್ದಿದೆ. ಕೌಂಟರಿಗೆ ಬಂದವರೆಲ್ಲ ‘ಯಾಕ್ ಮೇಡಂ, ಆರಾಮಿಲ್ವಾ?’ ಅಂತಾರೆ. ಇನ್ನೆರಡು ತಿಂಗಳಿಗೆ ಮಗಳ ಮದುವೆ. ಬೆಂಗಳೂರಿನ ಒಂದು ಕ್ಲಿನಿಕ್ಕಿನವರು ‘ಈಗಲೇ ಶುರು ಮಾಡಿದರೆ ಮುಂದೆ ಆಪರೇಷನ್ನೇ ಬೇಡ’ ಅಂತ ದಾರದ ಲಿಫ್ಟ್, ಅಂದರೆ ಕೆನ್ನೆಯೊಳಗೆ ನೂಲು ತೂರಿಸಿ ಎಳೆಯುವುದು, ಹೇಳಿದ್ದಾರೆ. ಯುಗಾದಿವರೆಗೆ ಅರ್ಧ ರೇಟು, ಮುಂಗಡ ಕೊಟ್ಟಿದ್ದೇನೆ. ಚಿತ್ರದುರ್ಗದಲ್ಲಿರುವ ನಮ್ಮಕ್ಕ ‘ಬೀಗರ ಮುಂದೆ ನಗೆಪಾಟಲಾಗ್ತೀಯ’ ಅಂತಾಳೆ. ಮುಟ್ಟು ನಿಂತು ಒಂದು ವರ್ಷ. ಬಿ.ಪಿ. ಮಾತ್ರೆ ಬಿಟ್ಟರೆ ಕಾಯಿಲೆಯಿಲ್ಲ, ಊಟದ ಮೇಲಿನ ಎಲೆ ಅಡಿಕೆ ಬಿಟ್ಟರೆ ಚಟವಿಲ್ಲ. ಫೇಸ್‌ಲಿಫ್ಟ್, ಅಂದರೆ ಮುಖ ಎತ್ತುವ ಆಪರೇಷನ್, ಯಾವಾಗ ಮಾಡಿಸಬೇಕು, ಎಷ್ಟು ವರ್ಷ ಬಾಳುತ್ತದೆ? ಹೆಸರು ಹಾಕಬೇಡಿ.

ಸಂಪಾದಕರ ಉತ್ತರ

ಮೇಡಂ, ಪತ್ರ ಬರೆದರೆ ಹೀಗೆ ಬರೆಯಬೇಕು. ವಯಸ್ಸು, ಇಳಿದ ತೂಕ, ಬಿ.ಪಿ., ಮುಟ್ಟು ನಿಂತ ಲೆಕ್ಕ, ಕೊನೆಗೆ ಎಲೆ ಅಡಿಕೆ ಕೂಡ ಬಂದಿದೆ. ಡಾಕ್ಟರ ಮುಂದೆ ಕೂತಾಗಲೂ ಇದರಲ್ಲಿ ಅರ್ಧಕ್ಕೆ ಬಾಯಿ ಬಿಡದವರಿದ್ದಾರೆ. ಲೆಕ್ಕದ ಕೈ ಅಂತ ಗೊತ್ತಾಗುತ್ತದೆ. ಅಂಥ ಕೈ ಯುಗಾದಿ ಆಫರ್ ಕಂಡ ತಕ್ಷಣ ಮುಂಗಡ ಎಣಿಸಿ ಕೊಟ್ಟದ್ದು ಮಾತ್ರ ಸೋಜಿಗ.

ಮೊದಲು ಉತ್ತರ, ಆಮೇಲೆ ಪುರಾಣ. ಮದುವೆಗೆ ಮುಂಚೆ ಏನೂ ಬೇಡ. ದಾರವಂತೂ ಬೇಡವೇ ಬೇಡ. ಫೇಸ್‌ಲಿಫ್ಟ್ ಆಸೆ ಗಟ್ಟಿಯಾಗಿದ್ದರೆ ಇನ್ನೆರಡು ಮೂರು ವರ್ಷ ತಡೆದು, ಒಂದೇ ಸಲ, ಬಲ್ಲವರ ಕೈಯಲ್ಲಿ, ಚರ್ಮದ ಕೆಳಗಿನ ಪದರದವರೆಗೆ ಮಾಡಿಸಿ. ಹಾಗೆ ಆದದ್ದು ಸಾಮಾನ್ಯವಾಗಿ 7ರಿಂದ 10 ವರ್ಷ ಬಾಳುತ್ತದೆ.

ನಿಮ್ಮಕ್ಕನದು ನಮ್ಮೂರ ಕಡೆಯ ಹಳೆಯ ಮಾತು. ಕೂದಲಿಗೆ ಬಣ್ಣ ಹಚ್ಚಿದರೆ ಯಾರೂ ನಗುವುದಿಲ್ಲ, ಹಲ್ಲು ಕಟ್ಟಿಸಿದರೆ ನಗುವುದಿಲ್ಲ, ಗಲ್ಲ ಎತ್ತಿಸಿದರೆ ಮಾತ್ರ ಶೋಕಿ! 1920ರ ದಶಕದ ಪ್ಯಾರಿಸ್‌ನಲ್ಲಿ ಸೂಝಾನ್ ನೊಯೆಲ್ ಎಂಬ ಶಸ್ತ್ರವೈದ್ಯೆ ಇದ್ದರು. ಮುಖ ಮುಪ್ಪಾಯಿತು ಅನ್ನುವ ಕಾರಣಕ್ಕೇ ಕೆಲಸ ಹೋಗುವ ಭಯದಲ್ಲಿದ್ದ ಹೆಣ್ಣುಮಕ್ಕಳು ಅವರ ಬಳಿ ಬರುತ್ತಿದ್ದರು. ಕೌಂಟರಿನ ಆ ಕಡೆ ನಿಂತವರು ದಿನಾ ‘ಆರಾಮಿಲ್ವಾ’ ಅಂದರೆ ಆಗುವ ಕಿರಿಕಿರಿ ನಿಮ್ಮಕ್ಕನಿಗೆ ಗೊತ್ತಿಲ್ಲ. ಮುಖ ನಿಮ್ಮದು, ಸಂಬಳವೂ ನಿಮ್ಮದು. ಬೀಗರ ವಿಷಯ ಬೀಗರು ನೋಡಿಕೊಳ್ಳಲಿ.

ಕ್ಲಿನಿಕ್ಕಿನವರ ವಾದದಲ್ಲೂ ಒಂದೆಳೆ ನಿಜ ಇದೆ. ನಲವತ್ತೈದರ ಚರ್ಮಕ್ಕೆ ಅರವತ್ತರ ಚರ್ಮಕ್ಕಿಂತ ಪುಟಿತ ಜಾಸ್ತಿ. ಬೇಗ ಮಾಡಿಸಿದರೆ ಬದಲಾವಣೆ ಎದ್ದು ಕಾಣುವುದಿಲ್ಲ, ಗಾಯವೂ ಬೇಗ ಆರುತ್ತದೆ. ಆದರೆ ಈ ಮಾತು ಹೊಂದುವುದು ಪೂರ್ತಿ ಆಪರೇಷನ್ನಿಗೆ. ಅದರ ಬಲದ ಮೇಲೆ ದಾರ ಮಾರುವುದು ಬೇರೆಯೇ ವ್ಯಾಪಾರ.

ಮುಖ ಯಾಕೆ ಇಳಿಯುತ್ತದೆ? ಚರ್ಮವೊಂದೇ ಸಡಿಲವಾಗಿದ್ದರೆ ಟೈಲರ್ ಕೆಲಸ ಸಾಕಿತ್ತು. ಒಳಗೆ ದವಡೆಯ, ಕೆನ್ನೆಯ ಮೂಳೆ ಸವೆಯುತ್ತದೆ. ಕೆನ್ನೆಯ ಕೊಬ್ಬಿನ ಗಂಟುಗಳು ಕರಗುತ್ತವೆ, ಕೆಳಗೆ ಸರಿಯುತ್ತವೆ. ಅವನ್ನು ಮೂಳೆಗೆ ಹಿಡಿದಿಟ್ಟ ಕಟ್ಟುಗಳು ಜಗ್ಗುತ್ತವೆ. ಚರ್ಮ, ಅದರಡಿಯ ಕೊಬ್ಬು ಇವೆರಡರ ಕೆಳಗೆ ಸ್ಮಾಸ್ ಎಂಬ ಗಟ್ಟಿ ಪದರವಿದೆ, ಕುತ್ತಿಗೆಯ ತೆಳು ಸ್ನಾಯುವಿನ ಜೊತೆ ಅದು ಒಂದೇ ಹಾಳೆಯಾಗಿ ಸೇರಿಕೊಂಡಿರುತ್ತದೆ. ಬರ್ಲಿನ್ನಿನ ಹೊಲೆಂಡರ್ 1901ರಲ್ಲಿ ಮಾಡಿದ ಮೊದಲ ಫೇಸ್‌ಲಿಫ್ಟ್‌ನಿಂದ ಹಿಡಿದು ನೊಯೆಲ್ ಕಾಲದವರೆಗೆ ಹೆಚ್ಚಾಗಿ ಮಾಡಿದ್ದು ಕೂದಲಂಚಿನಲ್ಲಿ ಚರ್ಮದ ಪಟ್ಟಿ ಕತ್ತರಿಸಿ ಹೊಲಿಯುವ ಕೆಲಸ. ಗಾದಿಯ ಹತ್ತಿ ಕುಸಿದಿರುವಾಗ ಮೇಲಿನ ಚಾದರ ಎಳೆದು ಸಿಕ್ಕಿಸಿದ ಹಾಗೆ! ಚರ್ಮ ಎಳೆದಷ್ಟೂ ಹಿಗ್ಗುವ ವಸ್ತು, ಅಂಥ ಲಿಫ್ಟ್ ಬಾಳಲಿಲ್ಲ. ಮಿಟ್ಜ್ ಮತ್ತು ಪೆರೋನಿ ಎಂಬ ಫ್ರೆಂಚ್ ವೈದ್ಯರು 1976ರಲ್ಲಿ ಸ್ಮಾಸ್ ಪದರವನ್ನು ವಿವರಿಸಿದ ಮೇಲೆ ದಾರಿ ಬದಲಾಯಿತು. ಎಳೆತವನ್ನೆಲ್ಲ ಒಳಪದರದ ಮೇಲೆ ಹಾಕುವುದು, ಚರ್ಮವನ್ನು ಬಿಗಿಯದೆ ಸುಮ್ಮನೆ ಹೊದಿಸಿ ಹೊಲಿಯುವುದು. ಅಮೆರಿಕದ ಹ್ಯಾಮ್ರಾ 1990ರಲ್ಲಿ ಆ ಪದರದ ಕೆಳಗೇ ಹೋಗಿ ಕೆನ್ನೆಯನ್ನು ಒಟ್ಟಿಗೆ ಎತ್ತುವ ‘ಡೀಪ್ ಪ್ಲೇನ್’ ಕ್ರಮ ಪ್ರಕಟಿಸಿದರು. ನಿಮ್ಮ ಡಾಕ್ಟರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ‘ಸ್ಮಾಸ್ ಏನು ಮಾಡುತ್ತೀರಿ? ಮಡಚಿ ಹೊಲಿಯುತ್ತೀರೋ, ಬಿಡಿಸಿ ಎತ್ತುತ್ತೀರೋ?’ ‘ಅದೆಲ್ಲ ನಿಮಗೆ ಅರ್ಥ ಆಗಲ್ಲಮ್ಮ’ ಅಂದರೆ ಚಪ್ಪಲಿ ಮೆಟ್ಟಿ ಹೊರಡಿ.

ಇನ್ನು ದಾರ. ಅದೇ ಕರಗುವ ಹೊಲಿಗೆ ನೂಲು, ಮುಳ್ಳುಮುಳ್ಳಾಗಿ ಮಾಡಿದ್ದು. ಸೂಜಿಯಲ್ಲಿ ಕೆನ್ನೆಯೊಳಗೆ ತೂರಿಸಿ ಎಳೆಯುತ್ತಾರೆ. ಸಾಮಾನ್ಯವಾಗಿ ಬಳಸುವ ಪಿಡಿಒ ನೂಲು ಸುಮಾರು ಆರು ತಿಂಗಳಲ್ಲಿ ಕರಗುತ್ತದೆ, ಎತ್ತಿದ್ದು ವರ್ಷ ತುಂಬುವುದೇ ಹೆಚ್ಚು. ನಿಮ್ಮ ಹಾಗೆ ತೂಕ ಇಳಿದು ಚರ್ಮ ಮಿಕ್ಕಿರುವವರಿಗೆ ಇನ್ನೂ ಕಷ್ಟ. ಮಿಕ್ಕ ಚರ್ಮವನ್ನು ದಾರ ಕತ್ತರಿಸುವುದಿಲ್ಲ, ಕಿವಿ ಪಕ್ಕ ಗುಡ್ಡೆ ಹಾಕುತ್ತದೆ, ಅಷ್ಟೆ. ಕೆನ್ನೆಯಲ್ಲಿ ಗುಳಿ ಬೀಳುವುದು, ನಕ್ಕಾಗ ನೂಲು ತೋರುವುದು, ತುದಿ ಹೊರಗೆ ಬಂದು ಕೀವಾಗುವುದು, ಇವೆಲ್ಲ ಇದರ ಮಾಮೂಲಿ ತಾಪತ್ರಯ. ಎರಡು ಮೂರು ಸಲ ಹಾಕಿಸಿದರೆ ಒಳಗೆ ಕಲೆ ಗಟ್ಟಿಯಾಗಿ ಮುಂದೆ ನಿಜವಾದ ಆಪರೇಷನ್ ಮಾಡುವವರಿಗೆ ಪದರ ಬಿಡಿಸುವುದು ಕಷ್ಟವಾಗುತ್ತದೆ. ‘ಮುಂದೆ ಆಪರೇಷನ್ನೇ ಬೇಡ’ ಅನ್ನುವ ಮಾತಿನ ಬಂಡವಾಳ ಇಷ್ಟು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಹಗಲು ಬೆಳಕಿನಲ್ಲಿ ಕನ್ನಡಿ ಮುಂದೆ ನೆಟ್ಟಗೆ ಕೂತು, ಎರಡೂ ಕಿವಿಯ ಮುಂದೆ ಬೆರಳುಗಳನ್ನು ಚಪ್ಪಟೆಯಾಗಿ ಇಟ್ಟು ಮೇಲಕ್ಕೂ ಹಿಂದಕ್ಕೂ ಒಂದು ಸೆಂಟಿಮೀಟರ್ ಜರುಗಿಸಿ. ಜಾಸ್ತಿ ಎಳೆಯಬೇಡಿ. ದವಡೆಯ ಜೋಲು ಹೋಗಿ ಗೆರೆ ನೇರವಾದರೆ, ಗದ್ದದ ಕೆಳಗಿನ ಪಟ್ಟಿ ಮಾಯವಾದರೆ, ಫೇಸ್‌ಲಿಫ್ಟ್ ಕೊಡುವುದು ಅದನ್ನೇ. ಆಮೇಲೂ ಉಳಿದದ್ದನ್ನು ಚೀಟಿಯಲ್ಲಿ ಬರೆಯಿರಿ: ಕಣ್ಣಡಿಯ ಚೀಲ, ಮೇಲ್ದುಟಿಯ ಗೀರು, ಹಣೆಯ ನೆರಿಗೆ, ಬಂಗು. ಅವು ಫೇಸ್‌ಲಿಫ್ಟಿನ ಕೆಲಸವಲ್ಲ. ನಿಮ್ಮ ಗಿರಾಕಿಗಳು ‘ಆರಾಮಿಲ್ವಾ’ ಅನ್ನುವುದು ಕಣ್ಣು ನೋಡಿ ಇರಬಹುದು. ಹಾಗಿದ್ದರೆ ದವಡೆ ಎತ್ತಿಸಿದ ಮೇಲೂ ಅದೇ ಪ್ರಶ್ನೆ ಕೇಳುತ್ತಾರೆ. ಬಹಳ ಜನ ದುಡ್ಡು ಸುರಿದು ಪೆಚ್ಚಾಗುವುದು ಇಲ್ಲೇ.

ಎಷ್ಟು ಬಾಳುತ್ತದೆ ಅನ್ನುವುದಕ್ಕೂ ಗ್ಯಾರಂಟಿ ಕಾರ್ಡಿಲ್ಲ. ಆಪರೇಷನ್ ಮುಪ್ಪನ್ನು ನಿಲ್ಲಿಸುವುದಿಲ್ಲ, ಕೆಲವು ವರ್ಷ ಹಿಂದಕ್ಕೆ ಸರಿಸುತ್ತದೆ, ಅಲ್ಲಿಂದ ಅದು ಮತ್ತೆ ತನ್ನ ಪಾಡಿಗೆ ನಡೆಯುತ್ತದೆ. ಹತ್ತು ವರ್ಷದ ಮೇಲೂ ಮಾಡಿಸದೇ ಇದ್ದಿದ್ದರೆ ಇರುತ್ತಿದ್ದುದಕ್ಕಿಂತ ಮುಖ ಎಳೆಯದಾಗಿಯೇ ಇರುತ್ತದೆ. ಮೊದಲು ಸಡಿಲವಾಗುವುದು ಹೆಚ್ಚಾಗಿ ಕುತ್ತಿಗೆ. ಬಿಸಿಲು, ಹೊಗೆಸೊಪ್ಪು, ತೂಕದ ಏರಿಳಿತ ಈ ಮೂರು ಆಯಸ್ಸು ತಿನ್ನುತ್ತವೆ.

ಈಗ ನಿಮಗೆ ಯಾಕೆ ತಡೆಯಿರಿ ಅಂದದ್ದು. ಇಳಿದ ತೂಕ ಕನಿಷ್ಠ ಆರು ತಿಂಗಳು ಒಂದೇ ಕಡೆ ನಿಲ್ಲಬೇಕು. ಮಾಡಿಸಿಕೊಂಡ ಮೇಲೆ ಇನ್ನೈದು ಕೆ.ಜಿ. ಇಳಿದರೆ ಮತ್ತೆ ಜೋಲು, ಏರಿದರೆ ಬಿಗಿದದ್ದು ಹಿಗ್ಗುತ್ತದೆ. ಎರಡನೆಯದು, ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ಎಂಬ ನಾರು ಸುಮಾರು ಶೇ. 30ರಷ್ಟು ಇಳಿಯುತ್ತದೆ, ಆಮೇಲೆ ಇಳಿತ ನಿಧಾನ. ನೀವೀಗ ಆ ಇಳಿಜಾರಿನ ಶುರುವಿನಲ್ಲಿದ್ದೀರಿ. ಮೂರನೆಯದನ್ನು ಈ ಪತ್ರಿಕೆ ಮತ್ತೆ ಮತ್ತೆ ಹೇಳಿದೆ: ‘ನಲವತ್ತಕ್ಕೇ ಶುರು ಮಾಡಿ’ ಅನ್ನುವ ಉಪದೇಶ ಬಿಳಿ ಚರ್ಮದವರ ಲೆಕ್ಕ. ನಮ್ಮ ಬಣ್ಣದ ಚರ್ಮಕ್ಕೆ ಸುಕ್ಕು ಅವರಿಗಿಂತ ಎಷ್ಟೋ ವರ್ಷ ತಡವಾಗಿ ಬರುತ್ತದೆ. ನಮ್ಮ ತೊಂದರೆಯೇ ಬೇರೆ, ಕಲೆ ಕಪ್ಪಾಗುವುದು, ಗಾಯ ಉಬ್ಬಿ ಗಂಟಾಗುವುದು. ಕಿವಿ ಚುಚ್ಚಿಸಿದ ಜಾಗ ಎಂದಾದರೂ ಗಂಟು ಕಟ್ಟಿತ್ತೇ? ಕಟ್ಟಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಹೊಲಿಗೆ ಬೀಳುವುದು ಆ ಕಿವಿಯ ಸುತ್ತಲೇ.

ಮದುವೆಯ ಲೆಕ್ಕ ನೋಡಿ. ಕಿವಿ ಮುಂದಿನ ಹೊಲಿಗೆ ಬಿಚ್ಚಲು 5ರಿಂದ 7 ದಿನ, ಕೂದಲೊಳಗಿನವು ಹತ್ತು ದಿನದ ಹೊತ್ತಿಗೆ. ನೀಲಿಗಟ್ಟಿದ್ದು ಇಳಿಯಲು ಎರಡು ಮೂರು ವಾರ. ದೊಡ್ಡ ಬಾವು ಇಳಿದರೂ ಸಣ್ಣದು ತಿಂಗಳುಗಟ್ಟಲೆ ಉಳಿಯುತ್ತದೆ, ಮುಖ ತನ್ನ ಆಕಾರಕ್ಕೆ ಬರಲು ಆರು ತಿಂಗಳು ಬೇಕು. ಅದೂ ಏನೂ ಎಡವಟ್ಟಾಗದಿದ್ದರೆ. ಧಾರೆಯ ಫೋಟೋಕ್ಕೆ ಎರಡು ತಿಂಗಳು ಅನ್ನುವುದು ಜೂಜು. ಕಿವಿಯ ವಿಷಯ ಯಾರೂ ಹೇಳುವುದಿಲ್ಲ, ಕೇಳಿ. ಕಿವಿ ಹಾಲೆಗೆ ಸ್ಪರ್ಶ ಕೊಡುವ ನರ ಈ ಆಪರೇಷನ್ನಿನಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವ ನರ, ಹಾಲೆ ತಿಂಗಳುಗಟ್ಟಲೆ ಜೋಮು ಹಿಡಿದಿರುತ್ತದೆ. ಆ ಹಾಲೆಗೆ ಮದುವೆಯ ಜುಮುಕಿ, ಮಾಟಿ ಸಿಕ್ಕಿಸಿದರೆ ಹರಿದರೂ ಗೊತ್ತಾಗದು. ಚರ್ಮವನ್ನೇ ಬಿಗಿದು ಹೊಲಿದರೆ ಹಾಲೆ ಕೆಳಗೆಳೆದುಕೊಂಡು ಕೆನ್ನೆಗೆ ಅಂಟಿದ ಹಾಗೆ ಕಾಣುತ್ತದೆ. ತುರುಬು ಕಟ್ಟುವ ರೂಢಿ ಇದ್ದರೆ ಅದನ್ನೂ ಹೇಳಿ, ಕಿವಿ ಹಿಂದಿನ ಗೆರೆಯನ್ನು ಅದಕ್ಕೆ ತಕ್ಕಂತೆ ಹಾಕಬೇಕು. ಕೂದಲ ಬಣ್ಣ ಮೊದಲೇ ಹಚ್ಚಿಕೊಳ್ಳಿ, ಆಮೇಲೆ ಗಾಯ ಪೂರ್ತಿ ಆರುವವರೆಗೆ ಹಚ್ಚುವ ಹಾಗಿಲ್ಲ. ನಮ್ಮೂರ ಏಪ್ರಿಲ್, ಮೇ ಬಿಸಿಲಿಗೆ ಹಸಿ ಕಲೆ ಕಪ್ಪಾಗುತ್ತದೆ, ದೀಪಾವಳಿ ಆದ ಮೇಲಿನ ಚಳಿಗಾಲ ವಾಸಿ. ಮಂಡಕ್ಕಿ ಮಿರ್ಚಿಗೆ ಎರಡು ವಾರ ರಜೆ.

ಬಿ.ಪಿ. ಅಂದಿರಿ. ಈ ಆಪರೇಷನ್ನಿನ ಅತಿ ಸಾಮಾನ್ಯ ತೊಡಕು ಚರ್ಮದಡಿ ರಕ್ತ ಕಟ್ಟುವುದು. ಬಹುಪಾಲು ಮೊದಲ 24 ಗಂಟೆಯಲ್ಲೇ ಆಗುತ್ತದೆ, ಹೆಂಗಸರಿಗಿಂತ ಗಂಡಸರಿಗೆ ಜಾಸ್ತಿ. ಬಿ.ಪಿ. ಏರಿದರೆ, ವಾಂತಿಯಾದರೆ, ಕೆಮ್ಮಿದರೆ, ತಿಣುಕಿದರೆ ಅಪಾಯ ಹೆಚ್ಚು. ಒಂದೇ ಕಡೆ ಕೆನ್ನೆ ದಿಢೀರ್ ಬಿಗಿದು ನೋವಾದರೆ ಬೆಳಗಾಗಲಿ ಅಂತ ಕಾಯಬಾರದು, ಆಗಲೇ ಹೊಲಿಗೆ ಬಿಚ್ಚಿ ರಕ್ತ ತೆಗೆಯಬೇಕು, ಇಲ್ಲದಿದ್ದರೆ ಮೇಲಿನ ಚರ್ಮ ಸಾಯುತ್ತದೆ. ಆದ್ದರಿಂದ ಬೆಂಗಳೂರಿನಲ್ಲಿ ಮಾಡಿಸಿ ಅದೇ ಸಂಜೆ 260 ಕಿ.ಮೀ. ಕಾರಿನಲ್ಲಿ ಊರಿಗೆ ಬರುವ ಯೋಚನೆ ಬೇಡ. ಹೊಲಿಗೆ ಬಿಚ್ಚುವವರೆಗೆ ಅಲ್ಲೇ ನೆಂಟರ ಮನೆಯಲ್ಲಿರಿ, ಎರಡು ದಿಂಬಿಟ್ಟು ತಲೆ ಎತ್ತರಿಸಿ ಮಲಗಿ. ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಆಸ್ಪಿರಿನ್, ಮೀನೆಣ್ಣೆ ಮಾತ್ರೆ, ಬೆಳ್ಳುಳ್ಳಿ ಮಾತ್ರೆ ರಕ್ತ ತೆಳು ಮಾಡುತ್ತವೆ, ಸುಮಾರು ಎರಡು ವಾರ ಮುಂಚೆ ನಿಲ್ಲಿಸಲು ಹೇಳುತ್ತಾರೆ. ಹೃದಯಕ್ಕೆ ಕೊಟ್ಟ ಆಸ್ಪಿರಿನ್ ಆದರೆ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಕೂಡದು. ಮುಖದ ಚಲನೆಯ ನರಕ್ಕೆ ಶಾಶ್ವತ ಪೆಟ್ಟು ನೂರಕ್ಕೆ ಒಂದಕ್ಕಿಂತ ಕಡಿಮೆ. ತುಟಿಯೋ ಹುಬ್ಬೋ ಕೆಲ ವಾರ ಸೋತಂತಿರುವುದು ಅದಕ್ಕಿಂತ ಹೆಚ್ಚು ಕಾಣುತ್ತದೆ.

ಎಲೆ ಅಡಿಕೆಯನ್ನು ಚಟದ ಲೆಕ್ಕದಿಂದ ಹೊರಗಿಟ್ಟಿರಿ ನೋಡಿ, ಅಲ್ಲಿ ಈ ಪತ್ರಿಕೆಗೆ ಸಿಟ್ಟು ಬಂತು. ಚನ್ನಗಿರಿಯ ಅಡಿಕೆ ನಮ್ಮ ಜಿಲ್ಲೆಯ ಅನ್ನ, ಅದು ಸರಿ. ಆದರೆ ವರ್ಷಗಟ್ಟಲೆ ಅಗಿದರೆ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ತೆರೆಯದಂತಾಗುತ್ತದೆ, ಅದು ಕ್ಯಾನ್ಸರಿಗೂ ದಾರಿ. ನಿಮ್ಮದೇ ಮೂರು ಬೆರಳು ಸಾಲಾಗಿ ಮೇಲಿನ, ಕೆಳಗಿನ ಮುಂಬಲ್ಲಿನ ನಡುವೆ ಹೋಗುತ್ತವೆಯೇ ನೋಡಿ. ಎರಡೇ ಹೋದರೆ ಅರಿವಳಿಕೆ ತಜ್ಞರಿಗೆ ಉಸಿರಿನ ಕೊಳವೆ ಹಾಕುವುದೇ ಕಷ್ಟ, ಮುಖದ ಮಾತು ಆಮೇಲೆ. ಜೊತೆಗೆ ಹೊಗೆಸೊಪ್ಪು ಇದ್ದರೆ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಮುದುಡಿಸುತ್ತದೆ. ಬಿಡಿಸಿ ಎತ್ತಿದ ಚರ್ಮ ಬದುಕುವುದೇ ಆ ನಾಳಗಳಿಂದ, ಕಿವಿ ಹಿಂದಿನ ಅಂಚು ಮೊದಲು ಕಪ್ಪಾಗಿ ಸಾಯುತ್ತದೆ. ಆಪರೇಷನ್ನಿಗೆ ನಾಲ್ಕು ವಾರ ಮುಂಚೆ, ನಾಲ್ಕು ವಾರ ಆಮೇಲೆ ಪೂರ್ತಿ ಬಂದ್. ಹೊಗೆಸೊಪ್ಪಿನ ಚಟ ಬಿಡಿಸಲು ಮೈಗೆ ಅಂಟಿಸುವ ಪಟ್ಟಿಯಲ್ಲೂ ನಿಕೋಟಿನ್ನೇ ಇರುವುದು, ನೆನಪಿರಲಿ.

ಇನ್ನು ಮಾಡುವವರು ಯಾರು? ಪ್ಲಾಸ್ಟಿಕ್ ಸರ್ಜನ್ ಅಂದರೆ ಎಂಬಿಬಿಎಸ್, ಎಂ.ಎಸ್. ಮುಗಿಸಿ ಪ್ಲಾಸ್ಟಿಕ್ ಸರ್ಜರಿಯಲ್ಲೇ ಮೂರು ವರ್ಷ ಎಂ.ಸಿಎಚ್. ಅಥವಾ ಅದಕ್ಕೆ ಸಮಾನವಾದ ಡಿ.ಆರ್.ಎನ್.ಬಿ. ಓದಿದವರು. ‘ಕಾಸ್ಮೆಟಾಲಜಿ’ ಅಂತ ಕೆಲವು ತಿಂಗಳ ಸರ್ಟಿಫಿಕೇಟು ಗೋಡೆಗೆ ಹಾಕಿದವರೂ ಅದೇ ಬಿಳಿ ಕೋಟು ತೊಡುತ್ತಾರೆ, ಅದೇ ನಮ್ಮ ಗೋಳು. ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳಿ, 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯ ನೋಂದಣಿ ಪತ್ರ ಗೋಡೆ ಮೇಲಿದೆಯೇ ನೋಡಿ, ಅರಿವಳಿಕೆ ಕೊಡುವವರು ಯಾರೆಂದು ಹೆಸರು ಹಿಡಿದು ಕೇಳಿ. ಚಂದಕ್ಕಾಗಿ ಮಾಡಿಸುವ ಆಪರೇಷನ್ನಿಗೆ ಆರೋಗ್ಯ ವಿಮೆ ಸಿಗುವುದಿಲ್ಲ, ಚಿಕಿತ್ಸೆಗಿರುವ ಜಿಎಸ್‌ಟಿ ವಿನಾಯಿತಿಯೂ ಇಲ್ಲ. ಹೇಳಿದ ರೇಟಿನಲ್ಲಿ ತೆರಿಗೆ, ಅರಿವಳಿಕೆ, ರಾತ್ರಿ ಉಳಿಯುವ ಖರ್ಚು ಸೇರಿದೆಯೇ ಅಂತ ಬರೆಸಿಕೊಳ್ಳಿ.

ಎರಡು ದಂತ ವೈದ್ಯ ಕಾಲೇಜಿರುವ ಊರಿನಲ್ಲಿ ಕೂತು ದವಡೆ ಹಲ್ಲು ಕಿತ್ತಿಸಿ ಹಾಗೇ ಬಿಡುವವರ ಮೇಲೂ ಒಂದು ತಕರಾರಿದೆ. ಹಿಂದಿನ ಹಲ್ಲುಗಳು ಹೋದರೆ ಮುಖದ ಕೆಳಭಾಗದ ಎತ್ತರವೇ ಕುಗ್ಗಿ ಬಾಯಿ ಮೂಲೆ ಜೋಲುತ್ತದೆ, ಅದನ್ನು ಯಾವ ಲಿಫ್ಟೂ ಎತ್ತದು. ಹಲ್ಲಿನ ಸುದ್ದಿ ನೀವು ಬರೆದಿಲ್ಲ. ಹೋಗಿದ್ದರೆ ಮೊದಲು ಅದನ್ನು ಕಟ್ಟಿಸಿ. ಮದುವೆಗೆ ಮುಂಚೆ ಎಷ್ಟಾಗುತ್ತದೆಂದು ದಂತವೈದ್ಯರೇ ಹೇಳುತ್ತಾರೆ, ತೆಗೆದಿಡುವ ಸೆಟ್ಟಾದರೆ ಎರಡು ತಿಂಗಳು ಸಾಮಾನ್ಯವಾಗಿ ಸಾಕು.

ಕೊನೆಗೆ ಮುಂಗಡ. ದಾರ ಬೇಡ, ಹಣ ವಾಪಸ್ ಕೊಡಿ ಅಂತ ಫೋನಿನಲ್ಲಿ ಹೇಳಿ ಬಿಡಬೇಡಿ, ಇ-ಮೇಲ್ ಮಾಡಿ, ರಸೀದಿಯ ಪ್ರತಿ ಲಗತ್ತಿಸಿ, ದಿನಾಂಕ ಹಾಕಿ. ಜಗ್ಗದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿ. ಅದಕ್ಕೂ ಬಗ್ಗದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರರು ತಾವು ವಾಸವಿರುವ ಜಿಲ್ಲೆಯಲ್ಲೇ ದಾವೆ ಹೂಡಬಹುದು. ಕ್ಲಿನಿಕ್ ಬೆಂಗಳೂರಿನಲ್ಲಿದ್ದರೂ ಕೇಸು ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ನಡೆಯುತ್ತದೆ, ಓಡಾಟ ಅವರಿಗೆ.