ಬಿದರಿ ಹೂಜಿಯ ಸತು, ಬೆಳ್ಳಿ ನಕ್ಷತ್ರದಲ್ಲಿ ಹುಟ್ಟಿದ್ದು ಅಂತಾರೆ, ನಿಜಾನಾ?

ನಿಜ. ಮೊದಲು ಸೂರ್ಯನನ್ನೇ ನೋಡಿ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು ನೆತ್ತಿ ಸುಡುತ್ತೆ ಅಲ್ವಾ? ಅದು ಕಟ್ಟಿಗೆ ಉರಿಯುವಂಥ ಬೆಂಕಿಯಲ್ಲ. ಸೂರ್ಯನ ನಡುವೆ ಸುಮಾರು 1.5 ಕೋಟಿ ಡಿಗ್ರಿ ಶಾಖ. ಅಲ್ಲಿ ನಾಲ್ಕು ಹೈಡ್ರೋಜನ್ ನ್ಯೂಕ್ಲಿಯಸ್‌ಗಳು (ಪರಮಾಣುವಿನ ನಡುವಿನ ತಿರುಳು) ಹಂತ ಹಂತವಾಗಿ ಬೆಸೆದು ಒಂದು ಹೀಲಿಯಂ ಆಗುತ್ತದೆ. ಆದರೆ ತೂಕ ಸುಮಾರು ಶೇ 0.7ರಷ್ಟು ಕಮ್ಮಿ ಬರುತ್ತದೆ. ಆ ಕೊರತೆಯೇ ನಮಗೆ ಬರುವ ಬೆಳಕು, ಶಾಖ. ಪ್ರತಿ ಸೆಕೆಂಡಿಗೆ ಸುಮಾರು 40 ಲಕ್ಷ ಟನ್ ಹೀಗೆ ಖರ್ಚು!

ಸೂರ್ಯನ ಎಂಟು ಪಟ್ಟಿಗೂ ಜಾಸ್ತಿ ತೂಕದ ನಕ್ಷತ್ರಗಳಲ್ಲಿ ಬೆಸುಗೆ ಮುಂದುವರಿಯುತ್ತದೆ. ಇಂಗಾಲ, ಆಮ್ಲಜನಕ, ಹೀಗೇ ಕಬ್ಬಿಣದವರೆಗೆ. ಕಬ್ಬಿಣ ಬೆಸೆದರೆ ಶಕ್ತಿ ಸಿಗುವುದಿಲ್ಲ, ಉಲ್ಟಾ ಕೈಯಿಂದ ಹಾಕಬೇಕು. ಅಲ್ಲಿಗೆ ಒಲೆ ಆರಿತು. ನಡು ಕುಸಿದು ನಕ್ಷತ್ರ ಸಿಡಿಯುತ್ತದೆ.

ಇನ್ನು ಬಿದರಿ. ಎರಕದಲ್ಲಿ ಬಹುಪಾಲು ಸತು, ಸ್ವಲ್ಪ ತಾಮ್ರ. ಬೀದರ್ ಕೋಟೆಯ ಮಣ್ಣು ಹಚ್ಚಿ ತಿಕ್ಕಿದಾಗ ಅದು ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಮಾತ್ರ ಹೊಳೆಯುತ್ತದೆ. ಸತು, ತಾಮ್ರದ ಹೆಚ್ಚಿನ ಪಾಲು ಅಂಥ ದೊಡ್ಡ ನಕ್ಷತ್ರಗಳದ್ದು. (ಅಂಗಡಿಯವರಿಗೆ ಹೇಳಬೇಡಿ, ರೇಟು ಏರಿಸ್ತಾರೆ.) ಬೆಳ್ಳಿಯ ದಾರಿ ಬೇರೆ. ಹಗುರ ನ್ಯೂಕ್ಲಿಯಸ್‌ಗಳು ನ್ಯೂಟ್ರಾನ್ (ವಿದ್ಯುದಾವೇಶವಿಲ್ಲದ ಕಣ) ನುಂಗುತ್ತಾ ನುಂಗುತ್ತಾ ಭಾರವಾಗುತ್ತವೆ. ಎರಡು ನ್ಯೂಟ್ರಾನ್ ನಕ್ಷತ್ರಗಳ (ಸಿಡಿದ ದೊಡ್ಡ ನಕ್ಷತ್ರ ಬಿಟ್ಟುಹೋದ ಕುಸಿದ ನಡುಭಾಗ) ಡಿಕ್ಕಿಯಲ್ಲಿ ಹೀಗೆ ಭಾರದ ಧಾತುಗಳು ಹುಟ್ಟುವ ಗುರುತು 2017ರಲ್ಲಿ ಅಂಥ ಒಂದು ಡಿಕ್ಕಿಯ ಬೆಳಕಿನಲ್ಲೇ ಸಿಕ್ಕಿತು.