ಸುಣ್ಣ ಹತ್ತಿದ ನೋಟು

ಎರಡು ವರ್ಷದಲ್ಲಿ ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದ ಪೊಲೀಸರಲ್ಲಿ ಈ ಹೆಡ್‌ಕಾನ್‌ಸ್ಟೇಬಲ್ ಆರನೆಯವರು. ಆರೂ ಜನ ಬಂದದ್ದು ನಿದ್ದೆ ಬರುವುದಿಲ್ಲ ಅಂತ. ಆರೂ ಜನರ ಮಾತು ಬಂದು ನಿಂತದ್ದು ಠಾಣೆಯಲ್ಲಿ ಏನೇನಿಲ್ಲ ಅನ್ನುವಲ್ಲಿ. ಜೀಪಿಗೆ ಡೀಸೆಲ್ ಇಲ್ಲ, ಡ್ಯೂಟಿಗೆ ಜನ ಇಲ್ಲ, ಬಂದೋಬಸ್ತಿಗೆ ಹೋದ ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲ, ಜೆರಾಕ್ಸಿಗೂ ಸ್ವಂತ ದುಡ್ಡು. ಇದನ್ನು ಬರೆಯಲೇಬೇಕು ಅನ್ನಿಸಿತು. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಇದೆ.

ಬಯಲುಸೀಮೆಯ ಒಂದು ಠಾಣೆ. ಹೆಡ್‌ಕಾನ್‌ಸ್ಟೇಬಲ್, ವಯಸ್ಸು ಐವತ್ತರ ಹತ್ತಿರ. ಕರೆದುಕೊಂಡು ಬಂದದ್ದು ಹೆಂಡತಿ. "ರಾತ್ರಿಯೆಲ್ಲಾ ಪಡಸಾಲೇಲಿ ಓಡಾಡ್ತಾರೆ ಮೇಡಂ, ಕೇಳಿದ್ರೆ ರೇಗ್ತಾರೆ" ಅಂದರು. ಮೊದಲ ಮೂರು ಭೇಟಿಯಲ್ಲಿ ಬಿಪಿ, ಸಿಗದ ರಜೆ, ಮಗನ ಕಾಲೇಜು, ಇಷ್ಟೇ ಮಾತು.

ನಾಲ್ಕನೆಯ ಸಲ ಹೊರಡುವಾಗ ಫೀಸ್ ಕೊಡಲು ನೋಟು ತೆಗೆದರು. ಒಂದೊಂದನ್ನೂ ತಿರುವಿ ಎರಡೂ ಬದಿ ನೋಡಿದರು. ಹಿಂದೆಯೂ ಹೀಗೆ ಮಾಡಿದ್ದು ನೆನಪಾಯಿತು.

"ಏನು ನೋಡ್ತೀರಿ?"

"ಸುಣ್ಣ ಇದೆಯಾ ಅಂತ."

ಮತ್ತೆ ಕುರ್ಚಿಯಲ್ಲಿ ಕೂತರು.

ಒಂದು ಹಳ್ಳಿಯ ಕೃಷಿ ಹೊಂಡದಲ್ಲಿ ಇಪ್ಪತ್ತರ ಹುಡುಗ ಮುಳುಗಿ ಸತ್ತಿದ್ದ. ಪಂಚನಾಮೆ ಮುಗಿಯಿತು. ಇನ್ನು ಹೆಣವನ್ನು ಪೋಸ್ಟ್‌ಮಾರ್ಟಂಗೆ ಸಾಗಿಸಬೇಕು. 108 ಇರುವುದು ಬದುಕಿರುವವರಿಗೆ. ಠಾಣೆಗೆ ಹೆಣದ ಗಾಡಿ ಇಲ್ಲ. ಲಗೇಜ್ ಆಟೋದವನು 1,800 ಕೇಳಿದ, ಹೆಣ ಅಂದರೆ ಯಾವಾಗಲೂ ಜಾಸ್ತಿ. ಇವರ ಜೇಬಲ್ಲಿ 500 ಇತ್ತು. ಸಾಹೇಬರಿಗೆ ಫೋನ್ ಮಾಡಿದರೆ "ಹೆಂಗಾದ್ರೂ ಅಡ್ಜಸ್ಟ್ ಮಾಡ್ರಿ" ಅಂತ ಇಟ್ಟುಬಿಟ್ಟರು. ಇವರು ಹುಡುಗನ ತಾಯಿಯ ಹತ್ತಿರ ಹೋಗಿ "ಗಾಡಿ ಬಾಡಿಗೆ ಕೊಡಬೇಕಮ್ಮಾ" ಅಂದರು. ಆಕೆ ಸೊಂಟದಿಂದ ಎಲೆಅಡಿಕೆ ಚೀಲ ತೆಗೆದು, ಮಡಿಚಿಟ್ಟ ನೋಟುಗಳನ್ನು ಬಿಡಿಸಿ ಕೊಟ್ಟರಂತೆ. ಅಂಚಿಗೆಲ್ಲ ಸುಣ್ಣ ಹತ್ತಿತ್ತು. "ಇಷ್ಟು ಸಾಕಾ ಸ್ವಾಮಿ?" ಅಂದರಂತೆ.

"ನಾನು ಎಣಿಸಿದೆ ಮೇಡಂ. ಮಗನ ಹೆಣ ಅಲ್ಲೇ ಬಿದ್ದಿದೆ. ಆಯಮ್ಮನ ಮುಂದೆ ನಿಂತ್ಕೊಂಡು ಎಣಿಸಿದೆ. 1,300."

"ನಿಮ್ಮ ತಪ್ಪೇನೂ ಇಲ್ಲ ಬಿಡಿ" ಅನ್ನುವ ಮಾತು ನನ್ನ ಬಾಯಿಗೆ ಬಂದಿತ್ತು. ಹೇಳಲಿಲ್ಲ. ಮನೆಯವರು, ಜೊತೆಯವರು ಆ ಮಾತನ್ನು ಎಷ್ಟು ಸಲ ಹೇಳಿರುತ್ತಾರೋ. ನೊಂದವರಿಗೆ ಅದು ಸಮಾಧಾನ ಕೊಡುವುದಿಲ್ಲ, ಬಾಯಿ ಮುಚ್ಚಿಸುತ್ತದೆ ಅಂತ ನಾನು ನಂಬಿದ್ದೇನೆ. ಹಾಗಾಗಿ ಬಿಡಿಸಿ ಹೇಳಿದೆ: "ಗಾಡಿ ಇಲ್ಲದ್ದು ನಿಮ್ಮ ತಪ್ಪಲ್ಲ. ಆದರೆ ದುಡ್ಡು ಕೊಡೋದು ಅವರ ಕೆಲಸ ಅಂತ ಆ ತಾಯಿ ನಂಬೋ ಹಾಗೆ ಮಾಡಿದ್ದು ನೀವೇ." ಅವರು ತಲೆ ತಗ್ಗಿಸಿ ಅತ್ತರು. ಗಟ್ಟಿಯಾಗಿಯೇ ಅತ್ತರು.

ಅಸಹಜ ಸಾವಾದರೆ, ಪರೀಕ್ಷೆ ಬೇಕು ಅನ್ನಿಸಿದಾಗ ಹೆಣವನ್ನು ವೈದ್ಯರ ಹತ್ತಿರ ಕಳಿಸಬೇಕಾದವರು ಪೊಲೀಸರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಹೀಗೆ ಹೇಳುತ್ತದೆ. ಅದಕ್ಕೂ ಮುಂಚಿನ ಕಾನೂನಿನಲ್ಲೂ ಇದೇ ಇತ್ತು. ಕಾನೂನು ಕೆಲಸ ಕೊಟ್ಟಿದೆ, ಕೈಗೆ ಗಾಡಿ ಕೊಟ್ಟಿಲ್ಲ. ಈಗ ಶೋಧ, ಜಪ್ತಿ ಎಲ್ಲವನ್ನೂ ವಿಡಿಯೋ ಮಾಡಬೇಕು. ಇವರ ಠಾಣೆಯಲ್ಲಿ ಅದೂ ಸಿಬ್ಬಂದಿಯ ಸ್ವಂತ ಫೋನಿನಲ್ಲೇ. ಔರಾದ್ಕರ್ ಸಮಿತಿ ವರದಿಯ ಮೇಲೆ 2019ರಲ್ಲಿ ಪೊಲೀಸರ ಸಂಬಳ ಏರಿತು, ಒಳ್ಳೆಯದೇ. ಆದರೆ ಸಂಬಳ ಇರುವುದು ಮನೆ ನಡೆಸುವುದಕ್ಕೆ, ಠಾಣೆ ನಡೆಸುವುದಕ್ಕಲ್ಲ, ಅಲ್ವಾ?

ಧ್ಯಾನ, ವಾಕಿಂಗ್ ಅಂತ ಹೇಳಿ ಕಳಿಸಬಹುದಿತ್ತು. ಅದು ಬೇಡ ಅನ್ನುವುದಿಲ್ಲ. ಆದರೆ ಗಾಡಿ ಇಲ್ಲದ್ದಕ್ಕೆ ಉಸಿರಾಟದ ವ್ಯಾಯಾಮ ಹೇಳಿಕೊಡಲು ನನಗೆ ಮನಸ್ಸು ಬರಲಿಲ್ಲ. ಒಂದು ಪುಟ್ಟ ನೋಟ್‌ಬುಕ್ ಇಡಿ, ಠಾಣೆ ಕೆಲಸಕ್ಕೆ ಜೇಬಿಂದ ಹೋದ ಒಂದೊಂದು ರೂಪಾಯಿಯನ್ನೂ ಬರೆಯಿರಿ ಅಂದೆ. ಮೂರು ವಾರಕ್ಕೆ 2,340 ರೂಪಾಯಿ ಆಗಿತ್ತು. ಪೆಟ್ರೋಲು, ಜೆರಾಕ್ಸು, ಒಂದು ಅನಾಥ ಶವಕ್ಕೆ ಬಿಳಿ ಬಟ್ಟೆ. "ಸುಮ್ನೆ ಚಿಲ್ಲರೆ ಖರ್ಚು ಅಂದ್ಕೊಂಡಿದ್ದೆ" ಅಂದರು. ಆ ಲೆಕ್ಕ ಇಟ್ಟು, ಶವ ಸಾಗಿಸುವ ಖರ್ಚಿಗೆ ಹಣ ಬೇಕೆಂದು ಸಾಹೇಬರಿಗೆ ಅರ್ಜಿ ಕೊಡಲು ಹೇಳಿದೆ. ಬಾಯಿಮಾತು ಬೇಡ, ಒಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ ಅಂದೆ.

ಇನ್ನೊಂದು ಸಲಹೆಗೆ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಬೇಸರ ಮಾಡಿಕೊಂಡರು. ಆ ತಾಯಿಯ ಹತ್ತಿರ ಹೋಗಿ ನಿಜ ಹೇಳಿ, ದುಡ್ಡು ವಾಪಸ್ ಕೊಡಿ ಅಂದಿದ್ದೆ. "ಅವನ ನೌಕರಿಗೆ ಕುತ್ತು ಬಂದ್ರೆ? ಆಯಮ್ಮನ ಗಾಯ ಯಾಕೆ ಕೆದಕ್ತೀಯಾ?" ಅಂದರು. ಎರಡೂ ಭಯ ನನಗೂ ಇತ್ತು. ಅಪಾಯ ಏನೇನಿದೆ ಅಂತ ಅವರ ಮುಂದೆ ಬಿಚ್ಚಿಟ್ಟು, ಹೋಗುವುದು ಬಿಡುವುದು ನಿಮಗೇ ಸೇರಿದ್ದು ಅಂದೆ. ಆದರೂ ಆ ಸಲಹೆ ಕೊಟ್ಟದ್ದು ಸರಿ ಅಂತಲೇ ಈಗಲೂ ಅನ್ನುತ್ತೇನೆ. ಹೆಣ ಸಾಗಿಸಲು ದುಡ್ಡು ಕೊಡುವುದೇ ರೂಲ್ಸು ಅಂತ ಒಂದು ಊರು ನಂಬಿಬಿಟ್ಟರೆ, ನಾಳೆ ಇನ್ನೊಬ್ಬ ತಾಯಿ ಕೇಳುವ ಮುಂಚೆಯೇ ಚೀಲ ಬಿಚ್ಚುತ್ತಾಳೆ. ಓದುತ್ತಿರುವವರೂ ತಿಳಿದಿರಿ: ಈ ಬಾಡಿಗೆ ನಿಮ್ಮ ಹೊಣೆಯಲ್ಲ. ಯಾರಾದರೂ ಕೇಳಿದರೆ ರಸೀದಿ ಕೇಳಿ. ಆದರೆ ಎದುರಿಗೆ ನಿಂತ ಪೇದೆಯ ಮೇಲೆ ಕೂಗಾಡಬೇಡಿ, ಮೇಲಿನವರಿಗೆ ಬರೆಯಿರಿ.

ಅವರು ಯೂನಿಫಾರ್ಮ್ ಇಲ್ಲದೆ, ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋದರು. ಆ ತಾಯಿ ದುಡ್ಡು ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡರಂತೆ. ಆಮೇಲೆ ಕೇಳಿದ್ದು ಒಂದೇ ಮಾತು: "ಗಾಡೀಲಿ ಅವನ ತಲೆ ಅತ್ಲಾಗಿತ್ಲಾಗೆ ಬಡೀತಿತ್ತಾ ಸ್ವಾಮಿ?"

"ಇಲ್ಲಮ್ಮಾ, ನಾನು ಹಿಂದೇನೇ ಕೂತಿದ್ದೆ, ತೊಡೆ ಮೇಲೆ ಇಟ್ಕೊಂಡಿದ್ದೆ ಅಂದೆ ಮೇಡಂ."

ಇದನ್ನು ಅವರು ನನಗೆ ಅಲ್ಲಿಯವರೆಗೂ ಹೇಳಿರಲಿಲ್ಲ. ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಹೋದ ವಾರ ಎರಡನೆಯದನ್ನು ಬರೆದುಕೊಂಡು ಬಂದು ತೋರಿಸಿದರು.